ಶಹಾಬಾದ್ ಫರಸಿಯ ಮೇಲೆ ಎರಡು ಕಂಬ

ಪುಣೆ ಪಕ್ಕದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ವಾರದ ರಜೆ ಗುರುವಾರ. ಕಳೆದ ಬೇಸಿಗೆಯ ಅಂಥದೊಂದು ಗುರುವಾರ ನಮ್ಮ ಇಂಡಿಕಾದ ಕೆಳಗೆ ಅಂಗಾತ ಮಲಗಿ ಎಂಜಿನ್ ಆಯಿಲ್ ಇಳಿಸುತ್ತಿದ್ದೆ. ಕೆಲಸ ಮುಗಿಸಿ ಏಳಹೋದರೆ ಸೊಂಟ ಏಳಲಿಲ್ಲ. ಐವತ್ತೇಳು ವರ್ಷದ ಸೊಂಟ, ಅದರಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತದ್ದು. ಅಲ್ಲೇ ಫರಸಿಯ ಮೇಲೆ ಬಿದ್ದುಕೊಂಡು ತೀರ್ಮಾನ ಮಾಡಿದೆ: ಮನೆಗೊಂದು ಕಾರ್ ಲಿಫ್ಟ್ ಹಾಕಿಸಬೇಕು.

ನಮ್ಮಲ್ಲಿ ಎರಡು ಕಾರು. ಮಗನ ವ್ಯಾಗನ್-ಆರ್ ಒಂದು, ನನ್ನ 2009ರ ಇಂಡಿಕಾ ಇನ್ನೊಂದು. ಇಂಡಿಕಾ ಮಾರುಕಟ್ಟೆಗೆ ಬಂದದ್ದು 1998ರ ಡಿಸೆಂಬರಿನಲ್ಲಿ, ತಯಾರಾಗುತ್ತಿದ್ದದ್ದು ಇಲ್ಲೇ ಪಕ್ಕದ ಪಿಂಪ್ರಿಯಲ್ಲಿ. ಕಲಬುರಗಿಯಿಂದ ಬಂದು ಇಲ್ಲಿ ನೆಲೆಯೂರಿದ ನನ್ನಂಥವರಿಗೆ ಅದು ಊರಿನ ಕಾರಿದ್ದಂತೆ. ಹದಿನೈದು ವರ್ಷ ತುಂಬಿದಾಗ 5,000 ರೂಪಾಯಿ ಶುಲ್ಕ ಕಟ್ಟಿ ನೋಂದಣಿ ನವೀಕರಿಸಿದೆ. ಮಾರಿದ್ದರೆ ಎಷ್ಟು ಬರುತ್ತಿತ್ತು ಎಂದು ಕೇಳಬೇಡಿ.

ಎರಡು ಕಂಬದ ಹೈಡ್ರಾಲಿಕ್ ಲಿಫ್ಟಿಗೆ ನನಗೆ ಬಂದ ಕೊಟೇಶನ್ 1,35,000. ಕೆಳಗೆ ಸಣ್ಣ ಅಕ್ಷರದಲ್ಲಿ 18% ಜಿಎಸ್‌ಟಿ, ಅಂದರೆ ಇನ್ನೂ 24,300. ಸಾಗಾಟ, ಇಳಿಸುವ ಹಮಾಲಿ, ಜೋಡಿಸುವ ಕೂಲಿ ಬೇರೆ. ಗ್ಯಾರೇಜಿಗೆ ಮಾರುವ ಲಿಫ್ಟಿನ ಮೋಟಾರು ಸಾಮಾನ್ಯವಾಗಿ ತ್ರೀ-ಫೇಸಿನದು, ಮನೆಯ ಕರೆಂಟು ಸಿಂಗಲ್ ಫೇಸ್. ಮೂರು ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು ಕೇಳಿ ಹಾಕಿಸಿಕೊಳ್ಳಬಹುದು. ಹಾಗೆ ಕೇಳದವರು ಆಮೇಲೆ ವಿದ್ಯುತ್ ಕಂಪನಿ ಮಹಾವಿತರಣದ ಕಚೇರಿಗೆ ಅರ್ಜಿ ಹಿಡಿದು ಅಲೆಯಬೇಕು, ತಿಂಗಳ ಸ್ಥಿರ ಶುಲ್ಕವೂ ಏರುತ್ತದೆ.

ಇನ್ನು ಎತ್ತರ. ನಮ್ಮ ರೋಹೌಸಿನ ಪಾರ್ಕಿಂಗಿನ ಸ್ಲ್ಯಾಬ್ ಹತ್ತು ಅಡಿ ಎಂದು ಬಾಯಲ್ಲಿ ಹೇಳುತ್ತೇವೆ. ಅಡ್ಡಬೀಮಿನ ಕೆಳಗೆ ಟೇಪು ಹಿಡಿದರೆ ಒಂಬತ್ತಕ್ಕೆ ಎರಡು ಇಂಚು ಕಡಿಮೆ. ವ್ಯಾಗನ್-ಆರ್ ಎತ್ತರ 1,675 ಮಿಲಿಮೀಟರ್, ಐದೂವರೆ ಅಡಿ. ಕಾರಿನ ಕೆಳಗೆ ನಾನು ನೆಟ್ಟಗೆ ನಿಲ್ಲಬೇಕೆಂದರೆ ಅದು ಐದೂವರೆ ಅಡಿಯಾದರೂ ಮೇಲೇರಬೇಕು. ಐದೂವರೆಗೆ ಐದೂವರೆ ಕೂಡಿಸಿದರೆ ಹನ್ನೊಂದು, ಮಗನ ಕಾರು ಮೇಲಿನ ಅಡಿಗೆಮನೆಗೆ ನುಗ್ಗುತ್ತದೆ. ಕಾರು ಹತ್ತಿಸುವ ಮಾತು ಹಾಗಿರಲಿ, ಈ ಲಿಫ್ಟಿನ ಬರಿಗಂಬವೇ ಒಂಬತ್ತು ಅಡಿ ದಾಟುತ್ತದೆ. ಅಗಲದಲ್ಲೂ ಹನ್ನೊಂದು ಅಡಿ ಕೇಳುತ್ತದೆ, ನಮ್ಮದು ಹತ್ತು.

ಹಾಗಾದರೆ ಕತ್ತರಿ ಲಿಫ್ಟ್? ನೆಲಕ್ಕೆ ಅಂಟಿಕೊಂಡಿದ್ದು ಸುಮಾರು ಮೂರು ಅಡಿ ಎತ್ತುವಂಥದು ಇದೆ, ಬೀಮಿಗೂ ತಾಗುವುದಿಲ್ಲ. ಚಕ್ರ, ಬ್ರೇಕಿನ ಕೆಲಸಕ್ಕೆ ಚೆನ್ನ. ಆದರೆ ಕತ್ತರಿಯ ಕಾಲುಗಳು ಕಾರಿನ ಹೊಟ್ಟೆಯ ನಡುವೆಯೇ ನಿಂತಿರುತ್ತವೆ. ಸೈಲೆನ್ಸರ್ ಕೊಳವೆಗೆ ಕೈ ಹಾಕಬೇಕಾದರೆ ಅದೇ ಅಡ್ಡ. ಮೂರು ಅಡಿ ಎಂದರೆ ಸ್ಟೂಲಿನ ಮೇಲೆ ಬಗ್ಗಿ ಕೂತೇ ಕೆಲಸ ಮಾಡಬೇಕು, ಮತ್ತೆ ಸೊಂಟಕ್ಕೇ ಬಂತು. ನೆಲದಲ್ಲಿ ಗುಂಡಿ ತೋಡಿಸು ಎಂದರು ಕೆಲವರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹೋಗಿ ಗುಂಡಿಯಲ್ಲೇ ಕೂರುತ್ತದೆ. ಮನೆಯೊಳಗೆ ಅದನ್ನು ನಾನು ಒಪ್ಪಲಾರೆ.

ಇಷ್ಟಾದರೂ ಆಸೆ ಬಿಡಲಿಲ್ಲ. ಮನೆಯ ಎಡಬದಿಗೆ ಮಾಡಿಲ್ಲದ ಹನ್ನೆರಡು ಅಡಿ ಅಗಲದ ಜಾಗವಿದೆ. ಅಲ್ಲಿ ಕಂಬ ನಿಲ್ಲಿಸಿ ಮೇಲೆ ಎತ್ತರಕ್ಕೆ ತಗಡು ಹಾಕಿಸಿದರಾಯಿತು ಎಂದುಕೊಂಡು ಗೌಂಡಿಯನ್ನು ಕರೆಸಿದೆ. ಯಾದಗಿರಿ ಕಡೆಯ ಹುಡುಗ. ಅಲ್ಲೂ ಹಾಸಿದ್ದು ಶಹಾಬಾದ್ ಫರಸಿಯೇ, ನಮ್ಮ ಜಿಲ್ಲೆಯ ಕಲ್ಲು. ಪುಣೆಯ ಅಂಗಳಗಳಲ್ಲಿ ಅದನ್ನು ಕಂಡಾಗಲೆಲ್ಲ ನನಗೆ ಸಣ್ಣ ಹೆಮ್ಮೆ. ಹುಡುಗ ಒಂದು ಕಲ್ಲು ಎಬ್ಬಿಸಿದ. ಕೆಳಗೆ ಎರಡಿಂಚು ಸಿಮೆಂಟ್ ಗಾರೆ, ಅದರ ಕೆಳಗೆ ಬರೀ ಮುರುಮು.

“ಕಾಕಾ, ಇದ್ರ ಮ್ಯಾಲ ಕಂಬ ನಿಲ್ಲಿಸಿದ್ರ ಕಾರ್ ಮ್ಯಾಲ ಹೋಗಲ್ಲ, ಕಂಬ ಕೆಳಗ ಹೋಗ್ತದ,” ಅಂದ.

ಅವನು ಹೇಳಿದ್ದು ಅರ್ಧ ಸತ್ಯ. ಕಂಬ ಕೆಳಗಿಳಿಯುವುದಕ್ಕಿಂತ ಒಳಕ್ಕೆ ಬಾಗುವ ಭಯ ದೊಡ್ಡದು. ಕಾರಿನ ಭಾರ ಚಾಚಿದ ತೋಳುಗಳ ತುದಿಯಲ್ಲಿ ಕೂತಿರುತ್ತದೆ. ಆ ಭಾರ ಕಂಬವನ್ನು ಕಾರಿನ ಕಡೆಗೆ ಎಳೆಯುತ್ತದೆ, ಹಿಂಬದಿಯ ಬೋಲ್ಟುಗಳನ್ನು ನೆಲದಿಂದ ಕೀಳಲು ನೋಡುತ್ತದೆ. ಬೋಲ್ಟು ಹಿಡಿಯಬೇಕಾದರೆ ಗಟ್ಟಿ ಕಾಂಕ್ರೀಟೇ ಬೇಕು, ಫರಸಿ ಸೀಳಿಹೋಗುತ್ತದೆ. ಫರಸಿ ಒಡೆದು, ಮುರುಮು ತೆಗೆದು, ಸರಳು ಕಟ್ಟಿ ಆರಿಂಚು ಕಾಂಕ್ರೀಟ್ ಹಾಕಲು 28,000, ಅದು ಗಟ್ಟಿಯಾಗಲು ನಾಲ್ಕು ವಾರ. ಸಾಗಾಟ, ಜೋಡಣೆ, ವೈರಿಂಗ್ ಸೇರಿಸಿದಾಗ ಮೊತ್ತ 2,02,000 ಮುಟ್ಟಿತು. ತಗಡಿನ ಲೆಕ್ಕ ಇನ್ನೂ ಹಿಡಿದಿರಲಿಲ್ಲ.

ನಡುವೆ ಒಂದು ಅಗ್ಗದ ಮೋಹವೂ ಬಂತು. ಮುಚ್ಚಿದ ಗ್ಯಾರೇಜೊಂದರ ಲಿಫ್ಟ್, 55,000ಕ್ಕೆ. “ನಾಲ್ಕು ಟನ್, ಬೇಫಿಕೀರ್” ಎಂದ ಮಾರುವವ. ಟನ್ನೇಜು ಬರೆದ ಫಲಕವೇ ಅದರ ಮೇಲಿರಲಿಲ್ಲ. ಒಂದು ತೋಳಿಗೆ ವೆಲ್ಡಿಂಗ್ ಮಾಡಿ ಮೇಲೆ ಹೊಸ ಬಣ್ಣ ಬಳಿದಿದ್ದರು. ಹೈಡ್ರಾಲಿಕ್ ಸೀಲು ಇಂದಲ್ಲ ನಾಳೆ ಸೋರುವಂಥದ್ದೇ, ಅದಕ್ಕಾಗಿಯೇ ಕಾರನ್ನು ಎತ್ತಿದ ಮೇಲೆ ಕಂಬದೊಳಗಿನ ಕಬ್ಬಿಣದ ಲಾಕಿನ ಮೇಲೆ ಇಳಿಸಿ ಕೂರಿಸುತ್ತಾರೆ. ಇದರ ಲಾಕಿನ ಹಲ್ಲು ಸವೆದು ಗುಂಡಗಾಗಿತ್ತು. ಮೂವತ್ತು ವರ್ಷ ಕಬ್ಬಿಣ ಕೊರೆದವನಿಗೆ ಅಷ್ಟು ಕಾಣದಿದ್ದರೆ ಹೇಗೆ? ಆದರೂ ಒಪ್ಪಿಕೊಳ್ಳುತ್ತೇನೆ, ಐದು ಸಾವಿರ ಮುಂಗಡ ಕೊಟ್ಟ ಮೇಲೆ ಕಂಡದ್ದು. ಆ ದುಡ್ಡು ವಾಪಸ್ ಬರಲಿಲ್ಲ.

ಕೊನೆಗೆ ಲೆಕ್ಕ ಮುಗಿಸಿದ್ದು ಹೆಂಡತಿ. ರೊಟ್ಟಿ ಬಡಿಯುತ್ತಲೇ ಕೇಳಿದಳು: “ಅಲ್ರೀ, ವರ್ಷಕ್ಕ ಎಷ್ಟು ಸಲ ಕಾರಿನ ಕೆಳಗ ಹೋಗ್ತೀರಿ?”

ಎರಡು ಕಾರಿಗೆ ಎರಡೆರಡು ಸಲ, ಒಟ್ಟು ನಾಲ್ಕು. ಹೊರಗೆ ಮಾಡಿಸಿದರೆ ಒಂದು ಸಲದ ಕೂಲಿ ಎರಡೂವರೆ ಸಾವಿರ ಹಿಡಿಯಿರಿ, ವರ್ಷಕ್ಕೆ ಹತ್ತು ಸಾವಿರ ಉಳಿತಾಯ. ಅದೇ ಎರಡು ಲಕ್ಷ ಶೇಕಡ 7ರ ಠೇವಣಿಯಲ್ಲಿ ಸುಮ್ಮನೆ ಕೂತರೂ ವರ್ಷಕ್ಕೆ 14,000. ಅಂದರೆ ಲಿಫ್ಟ್ ನನ್ನ ಸೊಂಟವನ್ನು ಎತ್ತಿದರೂ ಅಸಲನ್ನು ಎಂದೂ ಎತ್ತುವುದಿಲ್ಲ.

ಇದೇ ಲಿಫ್ಟ್ ಆಳಂದಿ ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಅಕ್ಕನ ಮಗನಿಗೆ ಒಳ್ಳೆಯ ಹೂಡಿಕೆ. ದಿನಕ್ಕೆ ಐದು ಕಾರು ಹತ್ತಿಸುತ್ತಾನೆ. ಜಿಎಸ್‌ಟಿ ನೋಂದಣಿ ಇರುವುದರಿಂದ ಕೊಟ್ಟ 18% ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಿರುಗುತ್ತದೆ. ಕಾಂಪೋಸಿಷನ್ ಸ್ಕೀಮಿನಲ್ಲಿ ಇದ್ದಿದ್ದರೆ ಅದು ಸಿಗುತ್ತಿರಲಿಲ್ಲ. ಯಂತ್ರದ ಬೆಲೆಯ ಮೇಲೆ ವರ್ಷಕ್ಕೆ 15% ಸವಕಳಿಯನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುತ್ತಾನೆ. ಮನೆಯವನಿಗೆ ಇದ್ಯಾವುದೂ ಇಲ್ಲ. ಹವ್ಯಾಸಕ್ಕೇ ತರುತ್ತೇನೆ ಎನ್ನುವವರು ತರಲಿ, ನನ್ನ ತಕರಾರಿಲ್ಲ. ಆದರೆ ಅದನ್ನು ತೀರ್ಥಯಾತ್ರೆಯ ಖರ್ಚಿನ ಸಾಲಿನಲ್ಲಿ ಬರೆಯಿರಿ, ಉಳಿತಾಯದ ಸಾಲಿನಲ್ಲಿ ಬೇಡ.

ನಾನು ತಂದದ್ದು ಮೂರು ಟನ್ನಿನ ಟ್ರಾಲಿ ಜಾಕ್, ನಾಲ್ಕು ಸ್ಟ್ಯಾಂಡು, ಮಲಗಿ ಜಾರುವ ಚಕ್ರದ ಹಲಗೆ. ಎಲ್ಲ ಸೇರಿ 13,600. ಜಾಕ್ ಇರುವುದು ಎತ್ತಲು ಮಾತ್ರ, ಕಾರನ್ನು ಹೊರುವುದು ಸ್ಟ್ಯಾಂಡು. ಸ್ಟ್ಯಾಂಡ್ ಕೊಡದೆ ಕಾರಿನ ಕೆಳಗೆ ತಲೆ ಹಾಕುವುದಿಲ್ಲ. ಫರಸಿ ಒಡೆಯದಿರಲೆಂದು ಸ್ಟ್ಯಾಂಡಿನ ಕೆಳಗೆ ದಪ್ಪ ಪ್ಲೈವುಡ್ ತುಂಡು ಇಡುತ್ತೇನೆ. ಮಲಗುವುದು ಈಗಲೂ ತಪ್ಪಿಲ್ಲ. ಏಳುವಾಗ ಮಗ ಕೈ ಕೊಡುತ್ತಾನೆ.

ಲಿಫ್ಟಿನ ಮನಸ್ಸಿರುವವರು ಕೊಟೇಶನ್ ಕೇಳುವ ಮೊದಲು ಬೀಮಿನ ಕೆಳಗೆ ಟೇಪು ಹಿಡಿಯಿರಿ, ಒಂದು ಫರಸಿ ಎಬ್ಬಿಸಿ ನೋಡಿ. ನಮ್ಮ ಗೌಂಡಿ ಅದಕ್ಕೆ ಮುನ್ನೂರು ರೂಪಾಯಿ ತಗೊಂಡ, ಚಹಾ ಬೇರೆ.