ಹೊಳೆಯ ದಡದಲ್ಲಿಯೂ ಮಿತವ್ಯಯ

ವಿದ್ಯಾರ್ಥಿಯು ವಿದ್ಯಾಲಯದಲ್ಲಿ ಇರುವುದು ಕೆಲವೇ ವರ್ಷ. ಹೀಗಿರಲು ಅಲ್ಲಿಯ ನೆಲಜಲಗಳ ಚಿಂತೆ ಅವನಿಗೇಕೆ ಎಂದು ಕೆಲವರು ಕೇಳುವುದುಂಟು. ಈ ಪ್ರಶ್ನೆಗೆ ಇಸ್ಲಾಂ ಧರ್ಮದ ನೀತಿಯಲ್ಲಿ ಒಳ್ಳೆಯ ಉತ್ತರವಿದೆ.

ಮಲೇಷ್ಯದ ಅಂತರರಾಷ್ಟ್ರೀಯ ಇಸ್ಲಾಮೀ ವಿಶ್ವವಿದ್ಯಾನಿಲಯವು 1983ರಲ್ಲಿ ಸ್ಥಾಪಿತವಾಯಿತು. ಅದರ ಮುಖ್ಯ ಆವರಣವು ಕೌಲಾಲಂಪುರದ ಸಮೀಪ ಗೊಂಬಾಕ್ ಎಂಬಲ್ಲಿದೆ. ಜ್ಞಾನ ಹಾಗೂ ಸದ್ಗುಣಗಳ ಉದ್ಯಾನವೆಂದು ಆ ಸಂಸ್ಥೆಯು ತನ್ನನ್ನು ಕರೆದುಕೊಳ್ಳುತ್ತದೆ. ಉದ್ಯಾನವೆಂದ ಮೇಲೆ ಅದನ್ನು ನೋಡಿಕೊಳ್ಳುವವರು ಬೇಕಷ್ಟೆ. ‘ಉಸ್ರಾ’, ಅಂದರೆ ಕುಟುಂಬ, ಎಂಬ ಹೆಸರಿನ ಪಾಠಕ್ರಮದಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಸಣ್ಣ ಗುಂಪುಗಳಾಗಿ ಸಮಾಜಸೇವೆಯ ಕೆಲಸಗಳನ್ನು ಕೈಗೊಳ್ಳುತ್ತಾರೆ.

ಇಂತಹ ಸೇವೆಗೆ ಮೂರು ತತ್ತ್ವಗಳು ತಳಹದಿಯಾಗಿವೆ. ‘ಖಿಲಾಫತ್’ ಎಂದರೆ ಮನುಷ್ಯನು ಭೂಮಿಯ ಒಡೆಯನಲ್ಲ, ಒಡೆಯನ ಪ್ರತಿನಿಧಿ ಎಂಬ ಭಾವನೆ. ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದನ್ನು ಕೆಡಿಸದೆ ಹಿಂದಿರುಗಿಸತಕ್ಕದ್ದು. ‘ಮೀಝಾನ್’ ಎಂದರೆ ಸೃಷ್ಟಿಯ ಸಮತೋಲ. ಅದನ್ನು ಮೀರಬಾರದೆಂದು ಕುರ್‌ಆನಿನ 55ನೆಯ ಅಧ್ಯಾಯವು ಬೋಧಿಸುತ್ತದೆ. ‘ಇಸ್ರಾಫ್’, ಅಂದರೆ ದುಂದುಗಾರಿಕೆ, 7ನೆಯ ಅಧ್ಯಾಯದಲ್ಲಿ ನಿಷಿದ್ಧವಾಗಿದೆ.

ನೀರಿನ ಬಳಕೆಯಲ್ಲಿ ಇವುಗಳ ನಿತ್ಯಪರೀಕ್ಷೆ ನಡೆಯುತ್ತದೆ. ನಮಾಜಿಗೆ ಮುನ್ನ ಮುಖ ಕೈಕಾಲುಗಳನ್ನು ತೊಳೆಯುವ ‘ವುಝೂ’ಗೆ ಪೈಗಂಬರ ಮುಹಮ್ಮದರು ಒಂದು ‘ಮುದ್ದ್’ ನೀರನ್ನು ಬಳಸುತ್ತಿದ್ದರೆಂದು ಹದೀಸ್ ತಿಳಿಸುತ್ತದೆ. ಇದು ಸುಮಾರು ಮುಕ್ಕಾಲು ಲೀಟರಿಗಿಂತ ಕಡಿಮೆ. ಹರಿಯುವ ಹೊಳೆಯ ದಡದಲ್ಲಿಯೂ ನೀರನ್ನು ಪೋಲುಮಾಡಬಾರದೆಂಬುದು ಇನ್ನೊಂದು ಬೋಧನೆ. ಈಗ ಲೆಕ್ಕ ಹಾಕಿರಿ: ನಿಮಿಷಕ್ಕೆ 6 ಲೀಟರ್ ಹರಿಯುವ ನಲ್ಲಿಯನ್ನು 1,000 ವಿದ್ಯಾರ್ಥಿಗಳು ದಿನಕ್ಕೆ ಐದು ಬಾರಿ ಒಂದೊಂದು ನಿಮಿಷ ಬೇಗ ನಿಲ್ಲಿಸಿದರೆ, ದಿನವೊಂದಕ್ಕೆ 30,000 ಲೀಟರ್ ಉಳಿಯುವುದು.

ಆದರೆ ಮಿತವ್ಯಯ ಒಂದೇ ಸಾಲದು. ಗೊಂಬಾಕ್ ಆವರಣದ ನಡುವೆ ಪುಸು ಎಂಬ ಹೊಳೆ ಹರಿಯುತ್ತದೆ. ಮೇಲ್ಭಾಗದಲ್ಲಿ ಮರಳು ತೆಗೆದುದರಿಂದಲೂ ಕಾಡು ಕಡಿದುದರಿಂದಲೂ ಹೂಳು ಕೊಚ್ಚಿಬಂದು ಅದರ ನೀರು ಕದಡಿತು. ದಡದ ಕಸವನ್ನು ಎಷ್ಟು ಹೆಕ್ಕಿದರೂ ಇಂತಹ ಹೂಳು ನಿಲ್ಲದು. ಅದಕ್ಕಾಗಿ ನೀರನ್ನು ಪರೀಕ್ಷಿಸಿ, ಕಾರಣವನ್ನು ಕಂಡುಹಿಡಿದು, ಮೇಲ್ಭಾಗದ ಜನರೊಡನೆಯೂ ಅಧಿಕಾರಿಗಳೊಡನೆಯೂ ಮಾತನಾಡಬೇಕು. ವಿಶ್ವವಿದ್ಯಾನಿಲಯದ ವಿದ್ವಾಂಸರು ಆ ಹೊಳೆಯ ನೀರಿನ ಗುಣವನ್ನು ಅಧ್ಯಯನ ಮಾಡಿರುವುದು ಈ ದೃಷ್ಟಿಯಿಂದ ಮಹತ್ತ್ವದ್ದು. ಕೈಯ ದುಡಿಮೆಗೆ ಶಾಸ್ತ್ರಜ್ಞಾನವೂ ಕೂಡಿದಾಗಲೇ ಅಮಾನತ್ ನೆರವೇರುತ್ತದೆ.

ಪ್ರಳಯವು ಸಮೀಪಿಸಿದಾಗಲೂ ಕೈಯಲ್ಲಿ ಸಸಿಯಿದ್ದರೆ ನೆಡಬೇಕೆಂದು ಪೈಗಂಬರರು ಬೋಧಿಸಿದರೆಂಬ ಪ್ರತೀತಿಯಿದೆ. ಫಲವು ತನಗೆ ದೊರೆಯದಿದ್ದರೂ ನೆಡುವುದೇ ಧರ್ಮ. ನಾಲ್ಕು ವರ್ಷಗಳಲ್ಲಿ ಹೊರಟುಹೋಗುವ ವಿದ್ಯಾರ್ಥಿಯು ನೆಟ್ಟ ಮರದ ನೆರಳು ಅವನು ಕಾಣದ ಮತ್ತೊಬ್ಬನಿಗೆ ಸಲ್ಲುತ್ತದೆ. ಆರಂಭದ ಪ್ರಶ್ನೆಗೆ ಇದೇ ಉತ್ತರ: ಸ್ವಲ್ಪ ಕಾಲ ಇರುವವನಿಗೇ ಅಮಾನತಿನ ಹೊಣೆ ಹೆಚ್ಚು.

ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಶಾಲೆಯ ನಲ್ಲಿಯೂ ಅಂಗಳದ ಗಿಡಗಳೂ ನಿಮಗಿಂತ ಹಿಂದಿನವರು ಒಪ್ಪಿಸಿದವು. ನಿಮ್ಮ ನಂತರ ಬರುವವರಿಗೆ ಅವು ಇಂದಿಗಿಂತ ಉತ್ತಮ ಸ್ಥಿತಿಯಲ್ಲಿ ದೊರೆಯಲಿ. ಪೋಷಕರು ಮನೆಯಲ್ಲಿಯೂ ಈ ಪಾಠವನ್ನು ಮುಂದುವರಿಸಬೇಕೆಂದು ವಿನಂತಿ.