ದುಬಾರಿ ಪೆಟ್ರೋಲ್ ಬೇಡ, ಬಲಗಾಲು ಹಗುರವಾಗಲಿ

ಕಾರಿನ ಮೈಲೇಜ್ ಇಳಿದಿದೆ ಅನ್ನಿಸಿದ ಕೂಡಲೇ ಹಲವರು ಬಂಕ್‌ನಲ್ಲಿ ಪವರ್ ಪೆಟ್ರೋಲ್ ಕೇಳುತ್ತಾರೆ. ಅದಕ್ಕೂ ಮುಂಚೆ ಮೈಲೇಜ್ ನಿಜಕ್ಕೂ ಎಷ್ಟಿದೆ ಎಂದು ಅಳೆದುಕೊಳ್ಳಿ. ನಳಿಗೆ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಮುಂದಿನ ಸಲ ಅದೇ ಬಂಕ್‌ನಲ್ಲಿ ಹಾಗೆಯೇ ತುಂಬಿಸಿ. 408 ಕಿ.ಮೀ. ಓಡಿ 24 ಲೀಟರ್ ಹಿಡಿಸಿದರೆ ಮೈಲೇಜ್ 17.

ನಮ್ಮ ಕಡೆ ಒಂದು ಟ್ಯಾಂಕಿನ ಲೆಕ್ಕವನ್ನು ನಂಬುವ ಹಾಗಿಲ್ಲ. ಆಷಾಢದಲ್ಲಿ ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಹೊರಟರೆ ಪಡುವಣ ಗಾಳಿ ಎದುರಿಗೇ ಬಡಿಯುತ್ತದೆ, ರಸ್ತೆಯೂ ಒಟ್ಟಾರೆ ಏರುಮುಖ. ವಾಪಸ್ ಬರುವಾಗ ಗಾಳಿ, ಇಳಿಜಾರು ಎರಡೂ ಕಾರಿನ ಪರ. ಹಾಗಾಗಿ ಹೋಗಿ ಬಂದ ದಾರಿಯನ್ನು ಸೇರಿಸಿಯೇ ಲೆಕ್ಕ ಹಾಕಿ, ಎರಡು ಮೂರು ಟ್ಯಾಂಕುಗಳ ಸರಾಸರಿ ನೋಡಿ.

ಇನ್ನು ಪೆಟ್ರೋಲಿನ ವಿಚಾರ. 95, 100 ಎಂದು ಬರೆದಿರುವುದು ಆಕ್ಟೇನ್ ಸಂಖ್ಯೆ. ಎಂಜಿನ್ ಒಳಗೆ ಒತ್ತಡಕ್ಕೆ ಸಿಕ್ಕ ಪೆಟ್ರೋಲ್ ಹೊತ್ತಿಗೆ ಮುಂಚೆ ಹೊತ್ತಿಕೊಂಡು ನಾಕಿಂಗ್ ಆಗದಂತೆ ಎಷ್ಟು ತಡೆಯುತ್ತದೆ ಎಂಬುದರ ಅಳತೆ ಅದು. ಸಂಖ್ಯೆ ಹೆಚ್ಚಿದ್ದರೆ ಶಕ್ತಿ ಹೆಚ್ಚು ಎಂದಲ್ಲ. ಮ್ಯಾನುವಲ್‌ನಲ್ಲಿ 91 ಸಾಕು ಎಂದಿದ್ದರೆ 100ಕ್ಕೆ ಕೊಡುವ ಹೆಚ್ಚುವರಿ ಹಣ ಮೈಲೇಜ್ ಆಗಿ ವಾಪಸ್ ಬರುವುದಿಲ್ಲ. ಹೆಚ್ಚು ಆಕ್ಟೇನ್ ಬೇಕೆಂದು ಕಂಪನಿಯೇ ಹೇಳಿದ್ದರೆ ಮಾತ್ರ ಹಾಕಿಸಿ.

ಮೈಲೇಜಿಗೆ ನಿಜವಾಗಿ ತಟ್ಟುವುದು ಎಥೆನಾಲ್. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹಳೆಯ ಕಾರುಗಳಲ್ಲಿ ಶೇ 6–7ರಷ್ಟು, ಇ20ಗೆಂದೇ ಹೊಂದಿಸಿದ ಕಾರುಗಳಲ್ಲಿ ಶೇ 1–2ರಷ್ಟು ಮೈಲೇಜ್ ಇಳಿಯಬಹುದು ಎಂದು 2021ರ ನೀತಿ ಆಯೋಗದ ವರದಿ ಅಂದಾಜಿಸಿತ್ತು. ನಿಮ್ಮದು ಹಳೆಯ ಕಾರಾಗಿದ್ದರೆ ಇಷ್ಟು ಇಳಿದದ್ದಕ್ಕೆ ಎಂಜಿನ್ ಬಿಚ್ಚಿಸಬೇಡಿ.

ಚಾಲಕರ ಕೈಯಲ್ಲಿರುವುದು ಇದಕ್ಕಿಂತ ದೊಡ್ಡದು. ಚಳ್ಳಕೆರೆ ದಾಟಿ ತಳಕು, ಬಿ.ಜಿ.ಕೆರೆ, ಹಾನಗಲ್ ಮೇಲೆ ಮೊಳಕಾಲ್ಮುರಿಗೆ ಹೋಗುವವರಿಗೆ ಹೆದ್ದಾರಿ 150ಎ ಗೊತ್ತೇ ಇದೆ. ಬಯಲು ಸೀಮೆಯ ನೇರ ರಸ್ತೆಯಲ್ಲಿ ವೇಗ ಏರಿದ್ದೇ ತಿಳಿಯುವುದಿಲ್ಲ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. 70–80ರಲ್ಲಿ ಟಾಪ್ ಗೇರಿನಲ್ಲಿ ಒಂದೇ ಸಮ ಹೋಗಿ. ಮುಂದೆ ಊರಿನ ಹಂಪ್ ಕಂಡರೆ ದೂರದಲ್ಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಗೇರಿನಲ್ಲೇ ಕಾರು ನಿಧಾನವಾಗುವಾಗ ಈಗಿನ ಎಂಜಿನ್‌ಗಳು ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತವೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ, ಹಿಡಿತವೂ ತಪ್ಪುತ್ತದೆ. ದಯವಿಟ್ಟು ಆ ಅಭ್ಯಾಸ ಬಿಡಿ. ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುವುದೂ ಬೇಡ.

ಟೈರ್ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಹೊರಡುವಾಗಲೇ ನೋಡಿಸಿ. ನಮ್ಮ ಬಿಸಿಲಲ್ಲಿ ಓಡಿದ ಟೈರ್ ಕಾದು ಹೆಚ್ಚು ಒತ್ತಡ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಿಸಿದರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಎಷ್ಟಿರಬೇಕು ಎಂಬುದು ಚಾಲಕರ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ. ಇಷ್ಟೆಲ್ಲ ಮಾಡಿಯೂ ಮೈಲೇಜ್ ಏರದಿದ್ದರೆ ಹತ್ತಿಪ್ಪತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಬಳಿ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಹೆಚ್ಚು ಕಾವು ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರುವ ಸಾಧ್ಯತೆ ಹೆಚ್ಚು. ಅದನ್ನು ಮೆಕ್ಯಾನಿಕ್‌ಗೆ ಅಂದೇ ತೋರಿಸಿ.