ಬಣ್ಣದ ಹಕ್ಕಿಗಳ ಜೋಡಿ ಕಟ್ಟುವ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಗಳಿಂದ ಈ ಕಾಲೇಜಿಗೆ ಬರುವ ನಮ್ಮಲ್ಲಿ, ಹಸುವನ್ನೋ ಕುರಿಯನ್ನೋ ರೇಷ್ಮೆ ಹುಳುವನ್ನೋ ಕಾಣದೆ ಬೆಳೆದವರು ವಿರಳ. ಒಳ್ಳೆಯ ಹೋರಿಯನ್ನು ಹುಡುಕಿ ಹಸುವಿಗೆ ಕೊಡಿಸುವುದು, ಟಗರನ್ನು ಆರಿಸುವುದು ನಮ್ಮ ಹಿರಿಯರಿಗೆ ಕರಗತವಾದ ವಿದ್ಯೆ. ಆ ವಿದ್ಯೆಯ ಹಿಂದಿರುವ ಲೆಕ್ಕವನ್ನು ಒಂದು ಪುಟ್ಟ ಹಕ್ಕಿಯ ನೆಪದಲ್ಲಿ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ಕಲಾ ವಿಭಾಗದ ವಿದ್ಯಾರ್ಥಿನಿ. ತಪ್ಪು ಕಂಡರೆ ಬಲ್ಲವರು ತಿದ್ದಬೇಕಾಗಿ ಪ್ರಾರ್ಥನೆ.

ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಕ್ಕಿಯನ್ನು ಎಲ್ಲರೂ ಕಂಡಿದ್ದೇವೆ. ಆ ಹೆಸರು ಸರಿಯಲ್ಲ. ನಿಜವಾದ ಲವ್ ಬರ್ಡ್ ಆಫ್ರಿಕದ ಬೇರೊಂದು ಹಕ್ಕಿ. ನಾವು ಕಾಣುವುದು ಆಸ್ಟ್ರೇಲಿಯದ ಒಳನಾಡಿನ ಪುಟ್ಟ ಗಿಳಿ. ಅದರ ಹೆಸರು ಬಡ್ಜರಿಗಾರ್. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಬಡ್ಜರಿಗಾರ್ ಪರದೇಶದ್ದು, ತಲೆತಲಾಂತರದಿಂದ ಪಂಜರದಲ್ಲಿಯೇ ಹುಟ್ಟಿ ಬೆಳೆದದ್ದು.

ಕಾಡಿನಲ್ಲಿ ಅದು ಹಸಿರು ಮೈ, ಹಳದಿ ತಲೆ, ಬೆನ್ನಿನ ಮೇಲೆ ಕಪ್ಪು ಗೆರೆಗಳುಳ್ಳ ಹಕ್ಕಿ. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ. 1880ರ ಸುಮಾರಿಗೆ ಬೆಲ್ಜಿಯಂನಲ್ಲಿ ನೀಲಿ ಹಕ್ಕಿ ಹುಟ್ಟಿತು. 1910ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಅದನ್ನು ಕಂಡು ಜನ ಬೆರಗಾದರು. 1925ರಲ್ಲಿ ಈ ಹಕ್ಕಿಗಾಗಿಯೇ ಅಲ್ಲಿ ಒಂದು ಸಂಘ ಸ್ಥಾಪನೆಯಾಯಿತು. ಪ್ರದರ್ಶನದಲ್ಲಿ ತಲೆಯ ಆಕಾರ, ನಿಲುವು, ಗರಿಗಳ ಅಚ್ಚುಕಟ್ಟು ಎಲ್ಲವನ್ನೂ ನೋಡುತ್ತಾರೆ. ನಾನು ಇಲ್ಲಿ ಹೇಳುವುದು ಬಣ್ಣದ ಮಾತನ್ನು ಮಾತ್ರ.

ನಮ್ಮ ಮನೆಗೆ ಈ ಹಕ್ಕಿ ಬಂದದ್ದು ನಾನು ಮೊದಲನೆಯ ವರ್ಷದ ಬಿ.ಎ.ಗೆ ಸೇರಿದಾಗ. ಮೈಸೂರಿನ ಒಂದು ಅಂಗಡಿಯಿಂದ ಒಂದು ಜೋಡಿ ತಂದೆ. ಎರಡೂ ಹಸಿರು. ಹೊಗೆಸೊಪ್ಪಿನ ಬ್ಯಾರನ್ನಿನ ಪಕ್ಕದ ಕೊಟ್ಟಿಗೆಯಲ್ಲಿ ಬಲೆ ಹೊಡೆದು, ಗೂಡಿಗೆ ಮಡಕೆ ಕಟ್ಟಿ, ನವಣೆಯನ್ನೂ ಗ್ರಂಧಿಗೆ ಅಂಗಡಿಯ ಸಮುದ್ರನೊರೆಯನ್ನೂ ಇಟ್ಟೆ. ಮರಿಗಳನ್ನು ಮಾರಿ ಬಸ್ಸಿನ ಖರ್ಚು ನಿಭಾಯಿಸುವುದು ನನ್ನ ಯೋಜನೆ. ಹೆಣ್ಣು ದಿನ ಬಿಟ್ಟು ದಿನ ಒಂದೊಂದರಂತೆ ಐದು ಮೊಟ್ಟೆಯಿಟ್ಟಿತು. ಸುಮಾರು ಹದಿನೆಂಟು ದಿನ ಕಾವು ಕೊಟ್ಟ ಮೇಲೆ ಒಂದೊಂದಾಗಿ ಒಡೆದವು. ಗರಿ ಬಂದಾಗ ನೋಡಿದರೆ ನಾಲ್ಕು ಹಸಿರು, ಒಂದು ಅಚ್ಚ ನೀಲಿ!

ನಮ್ಮಜ್ಜಿ ಮಡಕೆಯೊಳಗೆ ಇಣುಕಿ ನೋಡಿ, “ಹೆಣ್ಣೇ ಸರಿಯಿಲ್ಲ ಕಣ್ಮಗಾ” ಎಂದುಬಿಟ್ಟರು. ನೆರೆಮನೆಯವರು ನಕ್ಕರು. ಅಡಿಗೆಮನೆಯಲ್ಲಿದ್ದ ಅವ್ವ ಮಾತ್ರ ನಗಲಿಲ್ಲ. ಬಲೆಯೊಳಗೆ ಬೇರೊಂದು ಗಂಡೇ ಇರಲಿಲ್ಲವೆಂಬುದನ್ನು ಯಾರೂ ಯೋಚಿಸಲಿಲ್ಲ. ಹಾಗಾದರೆ ನೀಲಿ ಎಲ್ಲಿಂದ ಬಂತು?

ಉತ್ತರ ನನ್ನ ಹತ್ತನೆಯ ತರಗತಿಯ ಪುಸ್ತಕದಲ್ಲಿಯೇ ಇತ್ತು. ಮೆಂಡೆಲನ ಬಟಾಣಿ ಗಿಡದ ಪಾಠವನ್ನು ಅಂದು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೆ. ಅದು ಅರ್ಥವಾದದ್ದು ಮಡಕೆಯ ಮುಂದೆ ಕುಳಿತಾಗ. 1866ರಲ್ಲಿ ಮೆಂಡೆಲ್ ಪ್ರಕಟಿಸಿದ್ದನ್ನು ಜಗತ್ತು 1900ರವರೆಗೆ ಗಮನಿಸಲಿಲ್ಲ. ನಾನು ಮೂರು ವರ್ಷ ತಡಮಾಡಿದ್ದು ದೊಡ್ಡ ಅಪರಾಧವಲ್ಲವೆಂದು ಸಮಾಧಾನ ಮಾಡಿಕೊಂಡೆ.

ಮೊದಲು ಗರಿಯ ಬಣ್ಣವನ್ನು ತಿಳಿಯೋಣ. ಈ ಹಕ್ಕಿಯ ಗರಿಯಲ್ಲಿ ಹಸಿರು ಎಂಬ ವಸ್ತುವಿಲ್ಲ, ನೀಲಿ ಎಂಬ ವಸ್ತುವೂ ಇಲ್ಲ. ಇರುವುದು ಹಳದಿ ವರ್ಣಕ ಮತ್ತು ಕಪ್ಪು ವರ್ಣಕ. ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ, ಹಿಂದೆ ಕಪ್ಪು ಇದ್ದಾಗ, ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ. ಅದರ ಮೇಲೆ ಹಳದಿ ಸೇರಿದರೆ ಹಸಿರು. ಹಳದಿ ತಪ್ಪಿದರೆ ನೀಲಿ ಹಕ್ಕಿ. ಕಪ್ಪು ತಪ್ಪಿದರೆ ಹಳದಿಯೊಂದೇ ಉಳಿದು ಕೆಂಪು ಕಣ್ಣಿನ ಹಳದಿ ಹಕ್ಕಿ. ಇದಕ್ಕೆ ಲುಟಿನೋ ಎನ್ನುತ್ತಾರೆ. ಎರಡೂ ತಪ್ಪಿದರೆ ಬಿಳಿಯ ಹಕ್ಕಿ, ಅಂದರೆ ಆಲ್ಬಿನೋ. ಹಳದಿ ವರ್ಣಕವನ್ನು ತಯಾರಿಸುವ ವಂಶವಾಹಿಯಲ್ಲಿನ ಒಂದು ಸಣ್ಣ ಬದಲಾವಣೆಯೇ ನೀಲಿಗೆ ಕಾರಣವೆಂದು ವಿಜ್ಞಾನಿಗಳು 2017ರಲ್ಲಿ ತೋರಿಸಿದ್ದಾರೆ.

ಇನ್ನು ಲೆಕ್ಕ. ಪ್ರತಿಯೊಂದು ಹಕ್ಕಿಯಲ್ಲಿಯೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ: ತಂದೆಯಿಂದ ಒಂದು, ತಾಯಿಯಿಂದ ಒಂದು. ಹಳದಿ ತಯಾರಿಸುವ ಪ್ರತಿಯನ್ನು ಅವರೆಕಾಳೆಂದೂ, ತಯಾರಿಸದ ಪ್ರತಿಯನ್ನು ಹುರುಳಿಕಾಳೆಂದೂ ಭಾವಿಸೋಣ. ಎರಡೂ ಅವರೆಯಾದರೆ ಹಸಿರು. ಒಂದು ಅವರೆ, ಒಂದು ಹುರುಳಿಯಾದರೂ ಹಸಿರೇ. ಏಕೆಂದರೆ ಹಳದಿ ತಯಾರಾಗಲು ಒಂದು ಅವರೆ ಸಾಕು. ಎರಡೂ ಹುರುಳಿಯಾದಾಗ ಮಾತ್ರ ನೀಲಿ. ಪಠ್ಯದಲ್ಲಿ ಇವನ್ನು ‘ಪ್ರಬಲ’, ‘ದುರ್ಬಲ’ ಎನ್ನುತ್ತಾರೆ. ನನಗೇನೋ ‘ದುರ್ಬಲ’ ಎಂಬ ಮಾತು ಒಪ್ಪಿಗೆಯಿಲ್ಲ. ತಲೆಮಾರುಗಳ ಕಾಲ ಕಾಣದೆ ಕುಳಿತು ಮತ್ತೆ ಎದ್ದುಬರುವುದು ದುರ್ಬಲ ಹೇಗಾದೀತು? ಅದು ‘ಅಡಗಿದ್ದು’ ಅಷ್ಟೆ.

ನಮ್ಮ ಮನೆಯ ಹಸಿರು ಜೋಡಿ ಎರಡೂ ಒಳಗೊಂದು ಹುರುಳಿ ಇಟ್ಟುಕೊಂಡವು. ಹಕ್ಕಿ ಸಾಕುವವರು ಇಂಥದನ್ನು ‘ಸ್ಪ್ಲಿಟ್’ ಎಂದು ಕರೆದು, ನಡುವೆ ಓರೆಗೆರೆ ಹಾಕಿ ‘ಹಸಿರು/ನೀಲಿ’ ಎಂದು ಬರೆಯುತ್ತಾರೆ. ಗಂಡು ತನ್ನ ಎರಡರಲ್ಲಿ ಒಂದು ಕಾಳನ್ನು ಕೊಡುತ್ತದೆ, ಹೆಣ್ಣು ಒಂದನ್ನು ಕೊಡುತ್ತದೆ. ಕೂಡುವ ಬಗೆ ನಾಲ್ಕು: ಅವರೆ–ಅವರೆ, ಅವರೆ–ಹುರುಳಿ, ಹುರುಳಿ–ಅವರೆ, ಹುರುಳಿ–ಹುರುಳಿ. ನಾಲ್ಕರಲ್ಲಿ ಒಂದು ನೀಲಿ. ಹಾಗೆಂದು ಪ್ರತಿ ನಾಲ್ಕನೆಯ ಮೊಟ್ಟೆಯೂ ನೀಲಿಯಾಗುವುದಿಲ್ಲ. ಇದು ನಾಣ್ಯ ಚಿಮ್ಮುವಂತೆ. ಪ್ರತಿ ಮೊಟ್ಟೆಗೂ ಆಟ ಹೊಸತು. ಆ ಜೋಡಿಯ ಮೂರು ಸೂಲಿನಲ್ಲಿ ನನಗೆ ದೊರೆತ ಹದಿನಾಲ್ಕು ಮರಿಗಳಲ್ಲಿ ಹನ್ನೊಂದು ಹಸಿರು, ಮೂರು ನೀಲಿ. ನೀಲಿ ಮರಿಗೆ ತಾಯಿ ಎಷ್ಟು ಕಾರಣವೋ ತಂದೆಯೂ ಅಷ್ಟೇ ಕಾರಣ. ಒಬ್ಬರು ಕೊಟ್ಟರೆ ಸಾಲದು, ಇಬ್ಬರೂ ಕೊಟ್ಟಾಗಲೇ ನೀಲಿ.

ಇದರಿಂದ ಜೋಡಿ ಕಟ್ಟುವವರಿಗೆ ಮೊದಲನೆಯ ಪಾಠ: ಮೈಬಣ್ಣ ಪೂರ್ತಿ ಲೆಕ್ಕವಲ್ಲ. ಆ ಹನ್ನೊಂದು ಹಸಿರು ಮರಿಗಳಲ್ಲಿ ಸರಾಸರಿ ಮೂರಕ್ಕೆರಡು ನೀಲಿಯನ್ನು ಹೊತ್ತಿರುತ್ತವೆ, ಆದರೆ ಯಾವುವೆಂದು ಕಣ್ಣಿಗೆ ಕಾಣದು. ನೀಲಿ ಹಕ್ಕಿಯೊಡನೆ ಕಟ್ಟಿ ನೋಡಿದಾಗ ಮರಿಗಳಲ್ಲಿ ಒಂದಾದರೂ ನೀಲಿ ಬಂದರೆ ಗುಟ್ಟು ರಟ್ಟಾಗುತ್ತದೆ.

ಎರಡನೆಯ ಪಾಠವನ್ನು ರೇಷ್ಮೆಯಿಂದ ಹೇಳುತ್ತೇನೆ. ಶುದ್ಧ ಮೈಸೂರು ತಳಿಯ ಗೂಡು ಹಸಿರು ಬೆರೆತ ಹಳದಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಸಿ.ಎಸ್.ಆರ್.-2 ದ್ವಿತಳಿಯ ಗೂಡು ಬಿಳಿ. ಮೈಸೂರು ಹೆಣ್ಣು ಚಿಟ್ಟೆಗೆ ದ್ವಿತಳಿಯ ಗಂಡನ್ನು ಕೂಡಿಸಿದ ಮಿಶ್ರತಳಿಯ ಗೂಡನ್ನು ನಮ್ಮ ರೈತರು ಬೆಳೆಯುತ್ತಾರೆ. ಆದರೆ ಆ ಗೂಡಿನಿಂದಲೇ ಬಿತ್ತನೆ ಮಾಡುವುದಿಲ್ಲ. ಮಾಡಿದರೆ ಮುಂದಿನ ಬೆಳೆ ಒಂದೇ ತೆರನಾಗಿರದು. ಜಪಾನಿನ ತೋಯಾಮ ಎಂಬ ವಿಜ್ಞಾನಿ 1906ರಲ್ಲಿಯೇ ರೇಷ್ಮೆ ಹುಳುವಿನಲ್ಲಿ ಮೆಂಡೆಲನ ನಿಯಮವನ್ನು ತೋರಿಸಿಕೊಟ್ಟಿದ್ದ.

ಬಡ್ಜರಿಗಾರಿನಲ್ಲಿಯೂ ಹೀಗೆಯೇ ಒಂದು ಸಂಗತಿಯುಂಟು. ನೀಲಿಯಲ್ಲಿ ಮೂರು ಮೆಟ್ಟಿಲು: ತಿಳಿ ಆಕಾಶನೀಲಿ, ಕಡುನೀಲಿಯ ಕೋಬಾಲ್ಟ್, ಬೂದು ಬೆರೆತ ಮಾವ್. ಬಣ್ಣವನ್ನು ಗಾಢಮಾಡುವ ಅಂಶ ಒಂದೂ ಇಲ್ಲದಿದ್ದರೆ ಆಕಾಶನೀಲಿ, ಒಂದಿದ್ದರೆ ಕೋಬಾಲ್ಟ್, ಎರಡಿದ್ದರೆ ಮಾವ್. ಕೋಬಾಲ್ಟ್ ಬೇಕೆಂದು ಎರಡು ಕೋಬಾಲ್ಟನ್ನು ಜೋಡಿ ಮಾಡಿದರೆ ಸರಾಸರಿ ಅರ್ಧ ಮರಿಗಳು ಮಾತ್ರ ಕೋಬಾಲ್ಟ್. ಅದೇ, ಆಕಾಶನೀಲಿಗೂ ಯಾರೂ ಮೆಚ್ಚದ ಮಾವ್‌ಗೂ ಜೋಡಿ ಮಾಡಿದರೆ ಎಲ್ಲ ಮರಿಗಳೂ ಕೋಬಾಲ್ಟ್! ಬೇಕಾದ ಬಣ್ಣಕ್ಕೆ ಬೇಕಾದ ಬಣ್ಣವನ್ನೇ ಕಟ್ಟಬೇಕೆಂಬುದು ತಪ್ಪು ತಿಳಿವಳಿಕೆ.

ಮೂರನೆಯ ಪಾಠ ಸ್ವಲ್ಪ ಕಠಿಣ. ಗಂಡುಹೆಣ್ಣಿನ ಭೇದ ಇಲ್ಲಿ ಬರುತ್ತದೆ. ಹಕ್ಕಿಗಳಲ್ಲಿ ಗಂಡಿಗೆ ಝಡ್ ಎಂಬ ವರ್ಣತಂತು ಎರಡು. ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು. ಕಪ್ಪನ್ನು ಅಳಿಸುವ ‘ಇನೋ’ ಅಂಶ ಇರುವುದು ಝಡ್ ಮೇಲೆ. ಗಂಡಿನಲ್ಲಿ ಒಂದು ಝಡ್ ಮೇಲೆ ಮಾತ್ರ ಇದ್ದರೆ ಅದು ಅಡಗುತ್ತದೆ. ಹೆಣ್ಣಿಗಿರುವುದೇ ಒಂದು ಝಡ್. ಇದ್ದರೆ ಹೊರಗೇ ಕಾಣುತ್ತದೆ. ಹೆಣ್ಣು ಈ ಗುಣವನ್ನು ಅಡಗಿಸಿಡಲಾರದು.

ಇದನ್ನು ತಿಳಿದು ನಾನು ಬಿಳಿಯ ಆಲ್ಬಿನೋ ಪಡೆಯಲು ಒಂದು ಯೋಜನೆ ಹಾಕಿದೆ. ಮೊದಲ ವರ್ಷ ಲುಟಿನೋ ಗಂಡು, ನೀಲಿ ಹೆಣ್ಣು. ಗಂಡುಮರಿಗಳೆಲ್ಲ ನೋಡಲು ಹಸಿರು, ಒಳಗೆ ನೀಲಿಯೂ ಇನೋವೂ ಅಡಗಿರುತ್ತವೆ. ಹೆಣ್ಣುಮರಿಗಳೆಲ್ಲ ಹಳದಿಯ ಲುಟಿನೋ, ಒಳಗೆ ನೀಲಿ. ಯಾರಾದರೂ ಹಳದಿ ಹೆಣ್ಣನ್ನು ಮುಂದಿನ ಜೋಡಿಗೆ ಇಟ್ಟುಕೊಂಡು ಹಸಿರು ಗಂಡನ್ನು ಮಾರಿಬಿಡುತ್ತಾರೆ. ಅಲ್ಲಿಯೇ ತಪ್ಪುವುದು. ಆ ಹೆಣ್ಣನ್ನು ಬೇರೆ ಮನೆಯ ನೀಲಿ ಗಂಡಿಗೆ ಕಟ್ಟಿದರೆ, ಗಂಡಿನಲ್ಲಿ ಇನೋ ಇಲ್ಲದಿದ್ದಲ್ಲಿ, ಒಂದು ಮರಿಯೂ ಬಿಳಿಯಾಗದು. ಸಾಧಾರಣ ಹಸಿರಿನಂತೆ ಕಾಣುವ ಆ ಗಂಡನ್ನು ಬೇರೆ ಮನೆಯ ನೀಲಿ ಹೆಣ್ಣಿಗೆ ಕಟ್ಟಿದರೆ ಎಂಟು ಮರಿಗೆ ಸರಾಸರಿ ಒಂದು ಆಲ್ಬಿನೋ, ಅದೂ ಹೆಣ್ಣೇ. ಅಣ್ಣತಂಗಿಯನ್ನೇ ಜೋಡಿ ಮಾಡಿದರೆ? ಆಗಲೂ ಎಂಟಕ್ಕೊಂದೇ, ಗಂಡು ಆಲ್ಬಿನೋ ಕೂಡ ಬರಬಹುದೆಂಬುದಷ್ಟೇ ವ್ಯತ್ಯಾಸ. ಆದರೆ ಒಂದೇ ರಕ್ತದ ಜೋಡಿಯಿಂದ ಅಡಗಿದ ದೋಷಗಳೂ ಎದ್ದುಬರುತ್ತವೆ. ಎರಡನೆಯ ವರ್ಷ ಮರಿಗಳ ಗುರುತು ಬರೆದಿಡದೆ, ಅರಿಯದೆ ನಾನು ಹಾಗೊಂದು ಜೋಡಿ ಕಟ್ಟಿದೆ. ಆರು ಮೊಟ್ಟೆಗಳಲ್ಲಿ ನಾಲ್ಕು ಒಡೆಯಲಿಲ್ಲ. ಒಡೆದ ಎರಡು ಮರಿಗಳೂ ವಾರದೊಳಗೆ ಸತ್ತವು. ಅಂದಿನಿಂದ ಪ್ರತಿ ಮರಿಯ ಕಾಲಿಗೆ ಉಂಗುರ. ನೋಟುಪುಸ್ತಕದಲ್ಲಿ ತಂದೆ, ತಾಯಿ, ಹುಟ್ಟಿದ ದಿನ, ಬಣ್ಣ ಎಲ್ಲಕ್ಕೂ ಒಂದೊಂದು ಸಾಲು. ವರ್ಷ ತುಂಬದ ಹಕ್ಕಿಯನ್ನು ಜೋಡಿಗಿಡುವುದಿಲ್ಲ. ವರ್ಷಕ್ಕೆ ಎರಡು ಸೂಲಾದ ಮೇಲೆ ಮಡಕೆ ಇಳಿಸಿ ಹೆಣ್ಣಿಗೆ ವಿರಾಮ ಕೊಡುತ್ತೇನೆ. ಆಲ್ಬಿನೋ ಇನ್ನೂ ಹುಟ್ಟಿಲ್ಲ. ಹಸಿರು ಗಂಡು ಮಾತ್ರ ಪುಸ್ತಕದಲ್ಲಿ ಹೆಸರು ಹೊತ್ತು ಮಾರಾಟವಾಗದೆ ಉಳಿದಿದೆ.

ಹಕ್ಕಿಯ ಮಾತು ಇಲ್ಲಿಗೆ ಮುಗಿಯಿತು. ಒಂದು ಮನೆಯ ಮಾತು ಉಳಿದಿದೆ.

ನಾವು ಮೂವರು ಹೆಣ್ಣುಮಕ್ಕಳು, ನಾನು ಕಡೆಯವಳು. ಅವ್ವ ಗಂಡು ಹೆರಲಿಲ್ಲವೆಂಬ ಮಾತನ್ನು ಕೇಳುತ್ತಲೇ ನಾನು ಬೆಳೆದೆ. ಕಳೆದ ದೀಪಾವಳಿಯಲ್ಲಿ ನೆಂಟರೆದುರು ಅಜ್ಜಿ ಅದೇ ಮಾತು ತೆಗೆದರು. ನಾನು ಒಳಗಿನಿಂದ ಕಾಳು ತಂದು ಜಗುಲಿಯ ಮೇಲಿಟ್ಟೆ. “ಅಜ್ಜಿ, ಹಕ್ಕೀಲಿ ಗಂಡೋ ಹೆಣ್ಣೋ ಅನ್ನೋದು ತಾಯಿ ಮೊಟ್ಟೇಲಿರ್ತದೆ. ಮನುಷ್ಯರಲ್ಲಿ ಅದು ತಿರುಗಾ-ಮುರುಗಾ. ಅವ್ವನ ಹತ್ರ ಇರೋದು ಎರಡೂ ಅವರೆ. ಯಾವಾಗ ಕೊಟ್ರೂ ಅವರೆನೇ. ಅಪ್ಪನ ಹತ್ರ ಒಂದು ಅವರೆ, ಒಂದು ಹುರುಳಿ. ಹುರುಳಿ ಬಂದ್ರೆ ಗಂಡು, ಅವರೆ ಬಂದ್ರೆ ಹೆಣ್ಣು” ಎಂದೆ. ಅಜ್ಜಿ ಬಹಳ ಹೊತ್ತು ಕಾಳುಗಳನ್ನೇ ನೋಡಿ, “ಹಂಗಾರೆ ನನ್ ಮಗಂದೇ ತಪ್ಪು ಅನ್ನು” ಎಂದರು. “ಯಾರ್ದೂ ತಪ್ಪಲ್ಲ ಅಜ್ಜಿ. ಯಾವ ಕಾಳು ಬರ್ತದೆ ಅನ್ನೋದು ಅಪ್ಪನ ಕೈಲೂ ಇಲ್ಲ. ನಾವು ಹೆಣ್ಣಾಗಿ ಹುಟ್ಟಿದ್ದೂ ತಪ್ಪಲ್ಲ” ಎಂದೆ. ಅಪ್ಪ ತಲೆ ತಗ್ಗಿಸಿ ಕುಳಿತಿದ್ದರು, ಏನೂ ಹೇಳಲಿಲ್ಲ.

ಮರುದಿನ ಮುಂಜಾನೆ ನಾನು ಬಸ್ಸಿಗೆ ಹೊರಟಾಗ ಅವ್ವ ಸೆರಗಿನ ತುದಿಯಿಂದ ನಾಲ್ಕು ಕಾಳು ಬಿಚ್ಚಿ, “ಇನ್ನೊಂದ್ಸಲ ಇಟ್ಟು ತೋರ್ಸು” ಎಂದಳು. ಅವ್ವನಿಗೆ ಅಕ್ಷರ ಬಾರದು. ಆದರೆ ಆ ಲೆಕ್ಕವನ್ನು ನನಗಿಂತ ಬೇಗ ಹಿಡಿದಳು. ನನ್ನ ಬಸ್ಸು ತಪ್ಪಿತು. ಮೊದಲನೆಯ ತರಗತಿಗೆ ನಾನು ಬರಲಾಗಲಿಲ್ಲ. ಆ ದಿನದ ಗೈರುಹಾಜರಿಗಾಗಿ ಪೂಜ್ಯ ಅಧ್ಯಾಪಕರು ಕ್ಷಮಿಸಬೇಕು.

ಜೋಡಿ ಕಟ್ಟುವ ಲೆಕ್ಕವನ್ನು ಮನುಷ್ಯರ ಕುಲಗೋತ್ರಕ್ಕೆ ಹಚ್ಚಿ ಮೇಲುಕೀಳು ಎಣಿಸುವವರೂ ಇದ್ದಾರೆ. ಅದು ಈ ವಿದ್ಯೆಯ ದುರುಪಯೋಗ. ಓದುಬರಹ ಯಾವ ಕಾಳಿನಲ್ಲಿಯೂ ಇಲ್ಲ. ಇದ್ದಿದ್ದರೆ ನಮ್ಮ ಮನೆಯಿಂದ ಯಾರೂ ಈ ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಲೆಕ್ಕ ನನಗೆ ಕಲಿಸಿದ್ದು ಇಷ್ಟೇ: ಕಣ್ಣಿಗೆ ಕಂಡದ್ದರಿಂದಲೇ ತೀರ್ಪು ಕೊಡಬಾರದು, ತಿಳಿಯದೆ ಯಾರ ಮೇಲೂ ತಪ್ಪು ಹೊರಿಸಬಾರದು, ತಿಳಿದದ್ದನ್ನು ಬರೆದಿಡಬೇಕು.